ಸೈಕಲ್, ದಿಂಬು ಮತ್ತು ಸುವರ್ಣಗಡ್ಡೆ

ಹೋದ ತಿಂಗಳು ಒಂದು ಸೋಮವಾರ ನಾನು ಆಫೀಸಿಗೆ ಊಟದ ಡಬ್ಬಿ ಜೊತೆ ಒಂದು ದಿಂಬನ್ನೂ ತೆಗೆದುಕೊಂಡು ಹೋದೆ. ಯಾರೂ ಏನೂ ಕೇಳಲಿಲ್ಲ. ಪಕ್ಕದ ಟೇಬಲಿನವರು ಮಾತ್ರ ಮಧ್ಯಾಹ್ನ ಮೆಲ್ಲಗೆ ಬಂದು, "ಸುವರ್ಣಗಡ್ಡೆ ತಿನ್ನಿ ಸಾರ್, ಮೂಲವ್ಯಾಧಿಗೆ ಒಳ್ಳೇದು" ಅಂತ ಕಿವಿಯಲ್ಲಿ ಹೇಳಿ ಹೋದರು. ಎರಡು ದಿನ ಸೈಕಲ್ ತುಳಿದಿದ್ದಕ್ಕೆ ಹೀಗಾಯ್ತು ಅನ್ನುವುದಕ್ಕಿಂತ ಮೂಲವ್ಯಾಧಿಯೇ ಮರ್ಯಾದೆ ಅನ್ನಿಸಿ ಸುಮ್ನೆ ತಲೆಯಾಡಿಸಿದೆ.

ಹಾಗಂತ ಸೈಕಲ್ ನನಗೆ ಹೊಸದಲ್ಲ. ಅಪ್ಪನ ಅಟ್ಲಾಸ್‌ನಲ್ಲಿ ಒಳಪೆಡಲ್ ತುಳಿದು, ಮಂಡಿ ತರಚಿಕೊಂಡೇ ಕಲಿತವನು. ಆಗ ಆರಿಸುವ ಪ್ರಶ್ನೆಯೇ ಇರಲಿಲ್ಲ, ಮನೆಯಲ್ಲಿ ಯಾವುದಿದೆಯೋ ಅದೇ ನನ್ನ ಸೈಜು. 2017ರಲ್ಲಿ ನಮ್ಮ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ದಿನಾ ತುಳಿಯಬೇಕು ಅಂದುಕೊಂಡೆ. ಅಂದುಕೊಂಡೆ ಅಷ್ಟೆ. ಈ ವರ್ಷ ಡಾಕ್ಟರು ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

ಹೊಸ ಸೈಕಲ್ 15,000 ರೂಪಾಯಿ ಒಳಗೆ ಆಗಬೇಕು ಅಂತ ಹೆಂಡತಿಯ ಅಪ್ಪಣೆಯಾಯಿತು. ನಾನು ಅಂಗಡಿಗೆ ಹೋಗಿ ಕೂತು ನೋಡಬೇಕಿತ್ತು, ಅಲ್ವಾ? ಮಗನ ಜೊತೆ ಸೋಫಾ ಮೇಲೆ ಕೂತು ಫೋನಿನಲ್ಲಿ ನೋಡಿದೆ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಎರಡು ಡಿಸ್ಕ್ ಬ್ರೇಕು, 21 ಗೇರು, ಮೇಲೆ ಆಫರ್ ಬೇರೆ. ಫ್ರೇಮು 19 ಇಂಚು ಅಂತ ಬರೆದಿತ್ತು. ದೊಡ್ಡದಾದರೆ ಒಳ್ಳೆಯದೇ ಅಂದುಕೊಂಡೆ. ನಾನು 5 ಅಡಿ 4 ಇಂಚು.

ಡಬ್ಬದ ಮೇಲೆ ಶೇಕಡ 85 ಜೋಡಿಸಿದೆ ಅಂತಿತ್ತು. ಉಳಿದ 15 ನನ್ನ ಪಾಲು. ಬಲಗಡೆ ಪೆಡಲ್ ಸಲೀಸಾಗಿ ಕೂತಿತು. ಎಡಗಡೆಯದು ಎಷ್ಟು ತಿರುಗಿಸಿದರೂ ಕೂರದೆ ಇದ್ದಾಗ, ಮೂವತ್ತು ವರ್ಷದ ಸಂಸಾರದ ಕೋಪವನ್ನೆಲ್ಲ ಸ್ಪ್ಯಾನರಿಗೆ ಹಾಕಿ ಒತ್ತಿದೆ. ಕರಕ್ ಅಂತು. ಆಮೇಲೆ ಅಗ್ರಹಾರದ ಹಳೇ ಸೈಕಲ್ ಶಾಪಿನ ಯಜಮಾನರು ನೋಡಿ, "ಎಡಗಡೆ ಥ್ರೆಡ್ ಉಲ್ಟಾ ಇರ್ತದೆ ಸ್ವಾಮಿ, ತುಳೀತಾ ತುಳೀತಾ ಬಿಚ್ಕೋಬಾರ್ದು ಅಂತ" ಅಂದರು. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಹೊಸದು ಹಾಕಿಸಿದೆ. ಒಂದು ಮೀಟರೂ ಓಡದ ಸೈಕಲ್ಲಿಗೆ ರಿಪೇರಿ ಮಾಡಿಸಿದ ಮೊದಲ ಗಿರಾಕಿ ನಾನಿರಬೇಕು.

ಶನಿವಾರ ಬೆಳಗ್ಗೆ ಹೊರಟೆ. ಚಾಮುಂಡಿ ಬೆಟ್ಟ ಹತ್ತುವ ಆಸೆಯೇನೂ ಇರಲಿಲ್ಲ, ಬುಡದ ತನಕ ಸಾಕು ಅಂದುಕೊಂಡಿದ್ದೆ, ಆದರೆ ಬುಡ ಸೇರುವಷ್ಟರಲ್ಲೇ ತಾಯಿ ಮೂರು ಸಲ ನೆನಪಾದಳು. ನಾನು ಒತ್ತಿ ತುಳಿದಾಗಲೆಲ್ಲ ಆ ಶಾಕ್ ಅಬ್ಸಾರ್ಬರ್ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ಶಕ್ತಿ ಅರ್ಧ ಅದರ ಭಕ್ತಿಗೇ ಹೋಯಿತು. ಹ್ಯಾಂಡಲ್ ದೂರ, ಬೆನ್ನು ಬಿಲ್ಲು. ಸಿಗ್ನಲ್‌ನಲ್ಲಿ ಕಾಲೂರಲು ಹೋದರೆ ನೆಲಕ್ಕಿಂತ ಮೊದಲು ಫ್ರೇಮಿನ ಅಡ್ಡ ಪೈಪು ಸಿಗುತ್ತಿತ್ತು. ಎಲ್ಲಿ ಸಿಗುತ್ತಿತ್ತು ಅಂತ ಬರೆಯುವುದಿಲ್ಲ.

ಸೀಟು ಗಟ್ಟಿ ಇರುವುದಕ್ಕೇ ಇಷ್ಟೆಲ್ಲ ಅಂತ ಸಂಜೆಯೇ 600 ರೂಪಾಯಿ ಕೊಟ್ಟು ದಪ್ಪನೆಯ ಜೆಲ್ ಕವರ್ ತಂದೆ. ಬೆರಳಲ್ಲಿ ಒತ್ತಿದರೆ ಮೈಸೂರು ಪಾಕ್ ಥರ ಇತ್ತು. ಭಾನುವಾರ ಅದರ ಮೇಲೆ ಕೂತು ಒಂದು ಗಂಟೆ ತುಳಿದೆ. ಅದರ ಫಲವೇ ಸೋಮವಾರದ ದಿಂಬು.

ಮತ್ತೆ ಅದೇ ಯಜಮಾನರ ಹತ್ತಿರ ಹೋದೆ. ಕೂರುವಾಗ ಭಾರವೆಲ್ಲ ಕೆಳಗಿನ ಎರಡು ಮೂಳೆಗಳ ಮೇಲೆ ಬೀಳಬೇಕಂತೆ. ತೀರಾ ಮೆತ್ತಗಿದ್ದರೆ ಮೂಳೆ ಹೂತುಹೋಗಿ, ಸುತ್ತಲಿನ ಮೆತ್ತೆ ಎದ್ದು ಒತ್ತಬಾರದ ಕಡೆ ಒತ್ತುತ್ತದಂತೆ. ನನ್ನನ್ನು ಸೀಟಿನ ಮೇಲೆ ಕೂರಿಸಿ, ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಡಿಸಿದರು. "ಕಾಲು ನೆಟ್ಟಗಾಗ್ಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳುದ್ರೆ ಮಂಡಿ ಸ್ವಲ್ಪ ಬಗ್ಗಿರ್ತದೆ. ಅದೇ ಎತ್ತರ." ಸೀಟೇನೋ ಸರಿಹೋಯಿತು. ಫ್ರೇಮು? "ಅದ್ನ ಕೂದ್ಲು ಕಟ್ ಮಾಡ್ದಂಗೆ ಮಾಡಕ್ಕಾಗಲ್ಲ ಸ್ವಾಮಿ, ಮಾರ್ಬುಡಿ."

ಮಾರಿದೆ. ಆರಡಿಯ ಒಬ್ಬ ಕಾಲೇಜು ಹುಡುಗ 7,000ಕ್ಕೆ ತೆಗೆದುಕೊಂಡು, ನನ್ನ ಗೇಟಿನಿಂದಲೇ ಎರಡೂ ಕೈ ಬಿಟ್ಟು ಓಡಿಸಿಕೊಂಡು ಹೋದ. ಹೆಂಡತಿ ಬಾಗಿಲಲ್ಲಿ ನಿಂತು, "ನೋಡ್ರೀ, ಎಷ್ಟು ಹಗುರವಾಗಿ ಹೋಗುತ್ತೆ" ಅಂದಳು.

ಈಗಿರುವುದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್, ಅಂದರೆ ರೋಡ್ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ಮಧ್ಯದ್ದು. 9,000 ರೂಪಾಯಿ, ಚಿಕ್ಕ ಫ್ರೇಮು, ತೆಳು ಟೈರು, ಶಾಕ್ ಅಬ್ಸಾರ್ಬರ್ ಇಲ್ಲ. ಸೀಟು ಗಟ್ಟಿಯೇ. ಒಳಗೆ ಪ್ಯಾಡ್ ಇರುವ ಚಡ್ಡಿ ಹಾಕಿಕೊಳ್ಳುತ್ತೇನೆ, ನಡೆದರೆ ಬಾತುಕೋಳಿ, ಕೂತರೆ ಮಹಾರಾಜ. ವಾರಕ್ಕೆ ನಾಲ್ಕು ದಿನ ಬೆಟ್ಟದ ಬುಡದ ತನಕ ಹೋಗಿ ಬರುತ್ತೇನೆ. ವಾಪಸ್ ಬರುವ ದಾರಿಯಲ್ಲಿ ದೋಸೆ ತಿನ್ನುವುದು ಡಾಕ್ಟರಿಗೆ ಗೊತ್ತಿಲ್ಲ.

ಜೆಲ್ ಕವರನ್ನು ಬಿಸಾಡಲು ಮನಸ್ಸಾಗದೆ ಆಫೀಸಿನ ಕುರ್ಚಿಗೆ ಹಾಕಿದೆ. ಮೊನ್ನೆ ನೋಡಿದರೆ ಅದು ಇರಲಿಲ್ಲ. ಸುವರ್ಣಗಡ್ಡೆ ಹೇಳಿದವರ ಕುರ್ಚಿ ಮಾತ್ರ ಸ್ವಲ್ಪ ಎತ್ತರವಾದ ಹಾಗಿತ್ತು.