ಮೇಲೆ ಕೂತವರನ್ನು ಇಳಿಸುವುದು ಹೇಗೆ?

‘ಗುರೂ, ನಂದು ಎಷ್ಟನೇ ಲೆವೆಲ್ಲು?’

ಮೇಜಿನ ಮೇಲೆ ವಿಮಾನ ಯುದ್ಧ ಆಡುವ ಮನೆಯಲ್ಲಿ ಈ ಪ್ರಶ್ನೆ ಇನ್ನೂ ಕೇಳಿಸಿಲ್ಲ ಅಂದರೆ ಆಟವೇ ಶುರುವಾಗಿಲ್ಲ ಅಂತ ಲೆಕ್ಕ. ವಿಮಾನದ ಪಕ್ಕದಲ್ಲಿ ದಾಳ ಇಟ್ಟು ಎತ್ತರ ತೋರಿಸುವ ಪದ್ಧತಿಯ ಪುಣ್ಯಫಲ ಇದು. ಯಾರೋ ಚಕ್ಕುಲಿ ತಟ್ಟೆಗೆ ಕೈ ಚಾಚುತ್ತಾರೆ, ಶರ್ಟಿನ ತೋಳು ತಾಗುತ್ತದೆ, ನಾಲ್ಕಿದ್ದದ್ದು ಎರಡಾಗುತ್ತದೆ. ದಾಳದ ಒಡೆಯ ‘ಐದಿತ್ತು’ ಅನ್ನುತ್ತಾನೆ, ಎದುರಾಳಿ ‘ಮೂರು’ ಅನ್ನುತ್ತಾನೆ. ಅಷ್ಟು ಹೊತ್ತೂ ಫೋನಿನಲ್ಲಿ ಮುಳುಗಿದ್ದವನು ತಲೆ ಎತ್ತಿ ತೀರ್ಪು ಕೊಡುತ್ತಾನೆ.

ಆದ್ದರಿಂದ ಮನೆಯ ಮೊದಲ ಕಾನೂನು: ಎತ್ತರಕ್ಕೆ ಬಿಡಿ ದಾಳ ನಿಷೇಧ. 4 ಸೆಂಟಿಮೀಟರ್ ಅಗಲದ ಎರಡು ರಟ್ಟಿನ ಬಿಲ್ಲೆ ಕತ್ತರಿಸಿ, ಕೆಳಗಿನದರ ಅಂಚಿನ ಸುತ್ತ 0ಯಿಂದ 9ರವರೆಗೆ ಬರೆದು, ಮೇಲಿನದಕ್ಕೆ ಒಂದೇ ಅಂಕಿ ಕಾಣುವಷ್ಟು ಕಿಟಕಿ ಕೊರೆದು, ನಡುವೆ ಎರಡು ಕಾಲಿನ ಹಿತ್ತಾಳೆ ಪಿನ್ ಚುಚ್ಚಿ ಮಡಚಿದರೆ ಆಯಿತು. ಪಿನ್ ಬಿಗಿಯಾಗಿರಬೇಕು. ಸಡಿಲವಾದರೆ ಬಿಲ್ಲೆ ತಾನೇ ತಿರುಗಿ, ಮತ್ತೆ ಅದೇ ‘ಐದಿತ್ತು’ ಪುರಾಣ.

ಬಿಲ್ಲೆ ಸಾಕು ಅಂದರೆ ಕೇಳದ ಒಂದು ವರ್ಗವಿದೆ. ಅವರಿಗೆ ಎತ್ತರ ಕಣ್ಣಿಗೇ ಕಾಣಬೇಕು. ಸರಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಹಳೇ ರೇಡಿಯೊದಲ್ಲಿ ಬರುತ್ತಿತ್ತಲ್ಲ, ಎಳೆದರೆ ಉದ್ದವಾಗುವ ಆಂಟೆನಾ, ಅದನ್ನು ತರುತ್ತಾರೆ. ತುದಿಗೊಂದು ಪುಟ್ಟ ಅಯಸ್ಕಾಂತ, ಬುಡಕ್ಕೊಂದು ಹಲಗೆ. ಆಮೇಲೆ ಬೀಳಲು ಶುರು. ಕಾರಣ ಸರಳ. 25 ಗ್ರಾಮಿನ ವಿಮಾನ 25 ಸೆಂಟಿಮೀಟರ್ ಎತ್ತರದಲ್ಲಿ, ಬುಡ 15 ಗ್ರಾಂ. ಆಂಟೆನಾ ತೂಕ ಬಿಟ್ಟು ಲೆಕ್ಕ ಹಾಕಿದರೂ ಗುರುತ್ವ ಕೇಂದ್ರ 15 ಸೆಂಟಿಮೀಟರಿಗಿಂತ ಮೇಲೆ ಹೋಗಿ ಕೂರುತ್ತದೆ. 4 ಸೆಂಟಿಮೀಟರ್ ಅಗಲದ ಬುಡವಾದರೆ ಏಳು ಡಿಗ್ರಿ ವಾಲಿದರೂ ಕಥೆ ಮುಗಿಯಿತು. ಅದೇ ಬುಡದ ಕೆಳಗೆ ಕಬ್ಬಿಣದ ವಾಷರ್ ಅಂಟಿಸಿ 120 ಗ್ರಾಂ ಮಾಡಿ, 25 ಡಿಗ್ರಿವರೆಗೆ ತಡೆಯುತ್ತದೆ. ‘ನಮ್ಮ ಬೆಂಗಳೂರಿಗೆ ಫ್ಯಾನ್ ಯಾಕೆ’ ಅನ್ನುತ್ತಿದ್ದ ಕಾಲ ಹೋಯಿತು. ಏಪ್ರಿಲ್‌ನಲ್ಲಿ ಫ್ಯಾನ್ ಐದರಲ್ಲಿ ಓಡುವಾಗ ಬೇಕಾಗುವುದು ಈ ವಾಷರೇ.

ಆಂಟೆನಾಗೆ ಇನ್ನೊಂದು ಖಾಯಿಲೆ ಉಂಟು. ಸೀಸದ ಭಾರೀ ವಿಮಾನ ಕೂರಿಸಿದರೆ ಕೀಲುಗಳು ಮೆಲ್ಲಗೆ ಜಾರುತ್ತವೆ. ಆರನೇ ಲೆವೆಲ್ಲಿನಲ್ಲಿ ಬಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಪೈಲಟ್ ಯಾರಪ್ಪಣೆಯೂ ಇಲ್ಲದೆ ನಾಲ್ಕಕ್ಕೆ ಇಳಿದಿರುತ್ತಾನೆ. ಕಡ್ಡಿ ಬರೀ ಅಲಂಕಾರ, ಬಿಲ್ಲೆಯ ಅಂಕಿಯೇ ಅಂತಿಮ ಎಂದು ಮೊದಲೇ ಬರೆದಿಡಿ.

ಇನ್ನು ಒಂದು ಲೆವೆಲ್ ಅಂದರೆ ಎಷ್ಟು? ಇದನ್ನು ಯೋಚಿಸದೆಯೇ ಬಹಳ ಮಂದಿ ಕಾನೂನು ಬರೆಯುತ್ತಾರೆ. 1917ರ ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮೆಲ್ ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. ನಿಮ್ಮ ಒಂದು ಸರದಿ 5 ಸೆಕೆಂಡ್, ಒಂದು ಲೆವೆಲ್ 100 ಮೀಟರ್ ಅಂದುಕೊಂಡರೆ ಒಂದು ಲೆವೆಲ್ ಏರಲು ನಾಲ್ಕು ಸರದಿ ಬೇಕು. ಸರದಿಗೊಂದು ಲೆವೆಲ್ ಅಂತ ಉದಾರವಾಗಿ ಬಿಟ್ಟಿರೋ, ಬಟ್ಟೆ-ಕಟ್ಟಿಗೆಯ ಕ್ಯಾಮೆಲ್ ಸೆಕೆಂಡಿಗೆ 20 ಮೀಟರ್ ಏರುತ್ತದೆ. ಅಂದರೆ ಎರಡನೇ ಮಹಾಯುದ್ಧದ ಮೊದಲ ಸ್ಪಿಟ್‌ಫೈರ್‌ಗಳನ್ನೂ ಹಿಂದೆ ಹಾಕುತ್ತದೆ! ಅದಕ್ಕೇ ಬೀಜದ ಪದ್ಧತಿ: ಏರುವ ನಡೆ ಆಡಿದಾಗೆಲ್ಲ ಬುಡದ ಮೇಲೊಂದು ಹುಣಸೆ ಬೀಜ, ನಾಲ್ಕಾದಾಗ ಬೀಜ ತೆಗೆದು ಬಿಲ್ಲೆ ಒಂದು ಮುಂದೆ. ಏರುವುದರಲ್ಲಿ ಹೆಸರು ಮಾಡಿದ ಫೋಕರ್‌ನ ಮೂರು ರೆಕ್ಕೆಯ ವಿಮಾನಕ್ಕೆ ಮೂರೇ ಬೀಜ ಸಾಕು. ನಮ್ಮ ಎಚ್‌ಎಎಲ್‌ನಲ್ಲಿ ಕಟ್ಟುತ್ತಿದ್ದ ನ್ಯಾಟ್ ಜೆಟ್ ಆಡಿಸುವುದಾದರೆ ಈ 100 ಮೀಟರ್ ಮರೆತುಬಿಡಿ, ಬಿಲ್ಲೆ ತಿರುಗಿಸುವುದರಲ್ಲೇ ಸಂಜೆಯಾದೀತು.

ಇಷ್ಟೆಲ್ಲ ಆದ ಮೇಲೆ ಬರುತ್ತಾರೆ ನಿಜವಾದ ತಲೆನೋವು. ಪ್ರತಿ ಕೂಟದಲ್ಲೂ ಇಂಥವರೊಬ್ಬರು ಇರುತ್ತಾರೆ. ಮೊದಲ ಸರದಿಯಿಂದಲೇ ಏರಲು ಶುರು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ಏರುವುದೊಂದೇ. ಒಂಬತ್ತು ತಲುಪಿದ ಮೇಲೆ ಸೈಟು ತಗೊಂಡು ಬೇಲಿ ಹಾಕಿದವರ ಹಾಗೆ ಕೂತುಬಿಡುತ್ತಾರೆ. ಕೆಳಗೆ ಮೂರನೇ ಲೆವೆಲ್ಲಿನಲ್ಲಿ ಉಳಿದವರು ಹೊಡೆದಾಡಿ, ರೆಕ್ಕೆ ಮುರಿದುಕೊಂಡು, ಹೊಗೆ ಕಾರುತ್ತಿದ್ದರೆ ಇವರು ಕೋಡುಬಳೆ ಕಡಿಯುತ್ತ ‘ನಂದು ಪಾಸ್’ ಅನ್ನುತ್ತಾರೆ. ಕೊನೆಗೆ ಒಬ್ಬನೇ ಒಬ್ಬ, ಅರೆಜೀವದವನು ಉಳಿದಾಗ ಮೇಲಿನಿಂದ ಇಳಿದು ಹೊಡೆದು ‘ಹೈಟು ಇದ್ದವನೇ ರಾಜ ಸಾರ್’ ಎಂದು ಪಾಠ ಬೇರೆ. ಎತ್ತರ ಜಾಸ್ತಿಯಾಯಿತು, ಇಂಜಿನ್ನಿಗೆ ಗಾಳಿ ಸಾಲದು ಅಂದರೆ, ‘ಬೆಂಗಳೂರೇ 920 ಮೀಟರ್ ಮೇಲಿದೆಯಲ್ಲ, ಇಲ್ಲಿ ಯಾರಿಗೆ ಉಸಿರು ಕಟ್ಟಿದೆ’ ಎಂಬ ವಾದ.

ಇತಿಹಾಸದ ಪ್ರಕಾರ ಅವರು ಹೇಳುವುದು ಸುಳ್ಳಲ್ಲ, ಅದೇ ಹೊಟ್ಟೆ ಉರಿಯುವ ವಿಷಯ. ಸೆಕೆಂಡಿಗೆ 50 ಮೀಟರ್ ವೇಗದ ವಿಮಾನ 100 ಮೀಟರ್ ಧುಮುಕಿದರೆ, ಗಾಳಿಯ ತಡೆ ಬಿಟ್ಟರೆ, ವೇಗ 67ರ ಹತ್ತಿರ ಹೋಗುತ್ತದೆ. ಎತ್ತರಕ್ಕೆ ಬೆಲೆ ಇರಲೇಬೇಕು. ಆದರೆ ಅದು ಇಳಿದಾಗ ಮಾತ್ರ ಕೈಗೆ ಬರಬೇಕು, ಮೇಲೆ ಕೂತದ್ದಕ್ಕಲ್ಲ. ಹಾಗಾಗಿ ಒಂದು ಲೆವೆಲ್ ಇಳಿದವರಿಗೆ ಆ ಸರದಿಯಲ್ಲಿ ಒಂದು ನೇರ ನಡೆ ಉಚಿತ. ಹೊಡೆಯುವವನಿಗೂ ಗುರಿಗೂ ಒಂದೇ ಲೆವೆಲ್ ವ್ಯತ್ಯಾಸವಿದ್ದರೆ ಅರ್ಧ ಹೊಡೆತ, ಎರಡಿದ್ದರೆ ಗುಂಡೇ ತಾಗದು. ಆರರ ಮೇಲೆ ಪ್ರತಿ ಲೆವೆಲ್ಲಿಗೂ ಒಂದು ಬೀಜ ಹೆಚ್ಚು. ಒಂದೇ ಸಲ ಎರಡು ಲೆವೆಲ್ ಧುಮುಕಿದರೆ ದಾಳ ಹಾಕಬೇಕು. ಜರ್ಮನಿಯ ಜೋಡಿರೆಕ್ಕೆಯ ವಿಮಾನ ಆಲ್ಬಟ್ರಾಸ್ ಡಿ-3ರ ಕೆಳರೆಕ್ಕೆ ಕಡಿದಾದ ಧುಮುಕಿನಲ್ಲಿ ಕೈಕೊಡುತ್ತಿತ್ತು, ಅದಕ್ಕೆ ಒಂದು ಅಥವಾ ಎರಡು ಬಿದ್ದರೆ ರೆಕ್ಕೆಗೆ ಪೆಟ್ಟು. ಗಟ್ಟಿಮುಟ್ಟಾದ ಫ್ರೆಂಚ್ ವಿಮಾನ ಸ್ಪ್ಯಾಡ್-13ಕ್ಕೆ ಈ ಪರೀಕ್ಷೆಯೇ ಇಲ್ಲ. ಮೊದಮೊದಲ ಸ್ಪಿಟ್‌ಫೈರ್ ಥಟ್ಟನೆ ಮೂತಿ ಕೆಳಗೆ ಮಾಡಿದರೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಹರಿಯದೆ ಇಂಜಿನ್ ಕೆಮ್ಮುತ್ತಿತ್ತು. ಮೊದಲು ಮಗುಚಿಕೊಂಡು ಆಮೇಲೆ ಇಳಿಯಬೇಕು, ಇಲ್ಲದಿದ್ದರೆ ಮುಂದಿನ ಸರದಿ ನಿಧಾನ.

ಇದ್ಯಾವುದಕ್ಕೂ ಜಗ್ಗದವರಿಗೆ ಮದ್ದು ಕೆಳಗಡೆಯೇ ಇದೆ. ಎರಡು ಸೀಟಿನ ವಿಮಾನ ಎರಡನೇ ಲೆವೆಲ್ಲಿನಲ್ಲಿ ಕಂದಕದ ಮೇಲೆ ಮೂರು ಸರದಿ ನೇರವಾಗಿ ಹಾರಿ ಫೋಟೊ ತೆಗೆದುಕೊಂಡು ಹೊರಟರೆ ಅದರ ಪಕ್ಷಕ್ಕೇ ಗೆಲುವು. ಒಂಬತ್ತರಲ್ಲಿ ಪಾಸ್ ಹೇಳುತ್ತ ಕೂತವರಿಗೆ ತಾವು ಸೋತದ್ದು ಗೊತ್ತಾಗುವುದು ಕೋಡುಬಳೆ ಮುಗಿದ ಮೇಲೆ.

ಗುಂಡಿನ ದೂರ ಅಳೆಯಲು ಪೈಥಾಗೊರಸ್‌ನನ್ನು ಎಬ್ಬಿಸಬೇಡಿ. ದೊಡ್ಡ ಅಳತೆಗೆ ಚಿಕ್ಕದರ ಅರ್ಧ ಕೂಡಿಸಿ. ಅಡ್ಡ 30, ಎತ್ತರ 20 ಆದರೆ 40, ನಿಜವಾದದ್ದು 36. ತಪ್ಪು ಹೆಚ್ಚೆಂದರೆ ನೂರಕ್ಕೆ ಹನ್ನೆರಡು. ಸ್ನೇಹ ಉಳಿಯಲು ಅಷ್ಟು ಕೊಡಬಹುದು.

2008ರ ಮೇವರೆಗೆ ಈ ಊರಿನಲ್ಲಿ ಎತ್ತರ ಅಳೆಯಲು ಯಾವ ಬಿಲ್ಲೆಯೂ ಬೇಕಿರಲಿಲ್ಲ. ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವ ವಿಮಾನ ಮುರುಗೇಶಪಾಳ್ಯದ ತಾರಸಿಗಳ ಮೇಲೆ ಬಂದಾಗ ಒಣಗಲು ಹಾಕಿದ ಹಪ್ಪಳ ಬಿಟ್ಟು ಎಲ್ಲರೂ ತಲೆ ಎತ್ತುತ್ತಿದ್ದರು. ಕಿಟಕಿಯ ಗಾಜು ಎಷ್ಟು ಅದುರಿತು ಅನ್ನುವುದರ ಮೇಲೆ ಲೆವೆಲ್ ತೀರ್ಮಾನ. ಈಗ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು, ನಾವು ಹುಣಸೆ ಬೀಜ ಎಣಿಸುತ್ತೇವೆ.

ಅಂದಹಾಗೆ, ಮೇಲೆ ಕೂರುವವರಿಗೆ ಇನ್ನೊಂದು ಉಪಾಯವಿದೆ: ಅವರಿಗೆ ವಿಮಾನದ ಬದಲು ವೀಕ್ಷಣಾ ಬಲೂನು ಕೊಡುವುದು. ನೆಲಕ್ಕೆ ಕಟ್ಟಿದ ಬಲೂನು. ಹಗ್ಗ ಎಷ್ಟು ಬಿಟ್ಟರೆ ಅಷ್ಟೇ ಎತ್ತರ, ನಾಲ್ಕನೇ ಲೆವೆಲ್ಲಿಗೆ ಕೊನೆ. ಕೊಟ್ಟರೆ ಮೊದಲು ಕೇಳುವುದು ಏನು ಗೊತ್ತಾ?

‘ಸಾರ್, ಹಗ್ಗ ಇನ್ನೊಂದೈದು ಲೆವೆಲ್ಲು ಬಿಡಬಹುದಲ್ವಾ?’