ಇಪ್ಪತ್ತು ಪ್ರಶ್ನೆಯ ಸೇರು

ಅಕ್ಕನ ಮಗಳು ಮಂಗಳೂರಿನಲ್ಲಿ ಸೈಕಾಲಜಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಮೊನ್ನೆ ಶನಿವಾರ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಕೇಳಿದಳು, "ಮಾವ, ಅರ್ಧ ಗಂಟೆ ಪುರುಸೊತ್ತು ಉಂಟಾ?"

"ಎಷ್ಟು ಬೇಕಾದರೂ ಉಂಟು" ಅಂದೆ, ಮೊಬೈಲಿನಿಂದ ಕಣ್ಣು ತೆಗೆಯದೆ. ಅವಳು ನಕ್ಕಳು. ಯಾಕೆ ನಕ್ಕಳು ಅಂತ ಆಮೇಲೆ ಗೊತ್ತಾಯಿತು.

ಅವಳ ಪ್ರಾಜೆಕ್ಟ್ ಇಷ್ಟು: ಕಾಲೇಜಿನ ಮಕ್ಕಳಲ್ಲಿ ಇಂಟರ್ನೆಟ್ ಚಟ ಎಷ್ಟು ಜನರಿಗೆ ಹಿಡಿದಿದೆ ಅಂತ ಲೆಕ್ಕ ಹಾಕುವುದು. ವಯಸ್ಸು 18ರಿಂದ 25. ನನಗೆ 53. "ನೀವು ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾವ. ಪ್ರಶ್ನೆ ಸರಿಯಾಗಿ ಅರ್ಥ ಆಗ್ತದಾ ಅಂತ ನೋಡ್ಲಿಕ್ಕೆ ಮಾತ್ರ" ಅಂದಳು.

ಪ್ರಶ್ನೆ 20. ಕಿಂಬರ್ಲಿ ಯಂಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1998ರಲ್ಲಿ ಮಾಡಿದ್ದಂತೆ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು ನೂರು. ಶಾಲೆ ಬಿಟ್ಟ ಮೇಲೆ ನೂರಕ್ಕೆ ಇಷ್ಟು ಅಂತ ನನಗೆ ಯಾರೂ ಅಂಕ ಕೊಟ್ಟಿರಲಿಲ್ಲ. ಸ್ವಲ್ಪ ಹುರುಪೇ ಬಂತು.

ಮೊದಲ ಪ್ರಶ್ನೆ: ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಆನ್‌ಲೈನ್‌ನಲ್ಲಿ ಇರುತ್ತೀರಾ? "ಅಪರೂಪಕ್ಕೆ. ಒಂದು ಹಾಕು" ಅಂದೆ. ಅಡುಗೆಮನೆಯಲ್ಲಿ ಹೆರೆಮಣೆಯ ಸದ್ದು ನಿಂತಿತು. "ಒಂದಾ? ಕಾಪುವಿನ ಕಥೆ ಹೇಳಿ ಅವಳಿಗೆ" ಅಂದಳು ಹೆಂಡತಿ.

ಕಾಪುವಿನ ಕಥೆ ದೊಡ್ಡದೇನಲ್ಲ. ಮದುವೆಯೊಂದಕ್ಕೆ ಕಾಪುವಿನಲ್ಲಿ ಇಳಿಯಬೇಕಿತ್ತು. ಪಡುಬಿದ್ರಿಯಲ್ಲಿ ಯಕ್ಷಗಾನದ ಒಂದು ತುಣುಕು ನೋಡಲು ಶುರು ಮಾಡಿದೆ. ಒಂದರ ಬಾಲ ಹಿಡಿದು ಇನ್ನೊಂದು ಬಂತು. ತಲೆ ಎತ್ತಿದಾಗ ಕಟಪಾಡಿ. "ಕಾಪು ಕಾಪು ಅಂತ ಮೂರು ಸಲ ಬೊಬ್ಬೆ ಹಾಕಿದೆ ಮಾರಾಯ್ರೆ" ಅಂದ ಕಂಡಕ್ಟರ್. ತಪ್ಪು ಅವನದಲ್ಲ. ಒಂದನ್ನು ಅಳಿಸಿ ನಾಲ್ಕು ಮಾಡಿದೆವು.

ಅಲ್ಲಿಂದ ಹಾಗೇ ಆಯಿತು. ನಾನು ಅಂಕ ಹೇಳುವುದು, ಹೆರೆಮಣೆ ನಿಲ್ಲುವುದು. ಮೂರನೇ ಪ್ರಶ್ನೆ ಸಂಗಾತಿಯ ಜೊತೆಗಿನ ಸರಸಕ್ಕಿಂತ ಇಂಟರ್ನೆಟ್ಟೇ ಹೆಚ್ಚು ಖುಷಿ ಕೊಡುತ್ತದಾ ಅಂತ. ಹುಡುಗಿ ಕೆಮ್ಮಿ ನಾಲ್ಕಕ್ಕೆ ಹಾರಿದಳು. ಕೊನೆಗೆ ಎರಡು ಮೊತ್ತ ಬಂದವು: ನಾನು ಹೇಳಿದ ಪ್ರಕಾರ 34, ಹೆಂಡತಿ ಹೇಳಿದ ಪ್ರಕಾರ 57. ಮನುಷ್ಯ ಒಬ್ಬನೇ.

57 ಅಂದರೆ ಮಧ್ಯಮ ಮಟ್ಟದ ಚಟ. 34 ಅಂದರೆ? ಮಜಾ ಇರುವುದೇ ಇಲ್ಲಿ. ಒಂದು ಪಟ್ಟಿಯ ಪ್ರಕಾರ 49ರವರೆಗೂ ಸಾಮಾನ್ಯ ಬಳಕೆದಾರ, ಆರಾಮ. ಇನ್ನೊಂದು ಪಟ್ಟಿಯಲ್ಲಿ 30 ದಾಟಿದರೆ ಸಾಕು, ಅಲ್ಪ ಚಟ. ಒಂದೇ ಕ್ಲಾಸಿನ ಅದೇ ಮಕ್ಕಳು, ಅದೇ ಉತ್ತರ. ಗೆರೆ ಎಲ್ಲಿ ಎಳೆದರು ಅನ್ನುವುದರ ಮೇಲೆ ಚಟದವರು ಬೆರಳೆಣಿಕೆಯಷ್ಟೂ ಆಗಬಹುದು, ಅರ್ಧ ಕ್ಲಾಸೂ ಆಗಬಹುದು.

ನನಗೆ ಅಜ್ಜಿಯ ಸೇರು ನೆನಪಾಯಿತು. ಅಕ್ಕಿ ಕಡ ಕೊಡುವಾಗ ಸೇರಿನ ಬಾಯಿಗೆ ಸರಿಯಾಗಿ ಕೈ ಎಳೆದು ಕೊಡುತ್ತಿದ್ದರು. ವಾಪಸು ತೆಗೆದುಕೊಳ್ಳುವಾಗ ಗೋಪುರ ಕಟ್ಟಿಸಿಕೊಳ್ಳುತ್ತಿದ್ದರು. ಕೇಳಿದರೆ, ಎರಡೂ ಒಂದೊಂದು ಸೇರೇ ಅಲ್ವಾ ಅನ್ನುವರು.

ಇನ್ನು ಪ್ರಶ್ನೆಗಳು. ಆನ್‌ಲೈನ್ ಇರಲಿಕ್ಕಾಗಿ ಮನೆಗೆಲಸ ಬಿಡುತ್ತೀರಾ ಅಂತ ಒಂದುಂಟು. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನಿಗೆ ಅದನ್ನು ಕೇಳಿದ್ದಕ್ಕೆ ಜೋರಾಗಿ ಸೊನ್ನೆ ಅಂದ. ನಿಜವೇ. ಮಾಡಿದರಲ್ಲವೇ ಬಿಡುವುದು? ಅವನ ತಂಗಿ ಪಾತ್ರೆ ತೊಳೆಯುವುದನ್ನು ಹತ್ತು ನಿಮಿಷ ಮುಂದೆ ಹಾಕಿದ್ದಕ್ಕೆ ಪ್ರಾಮಾಣಿಕವಾಗಿ ಮೂರು ಕೊಟ್ಟಳು. ಬೇರೆ ಕೆಲಸಕ್ಕಿಂತ ಮೊದಲು ಇಮೇಲ್ ನೋಡುತ್ತೀರಾ ಅಂತ ಇನ್ನೊಂದು. ಈಗಿನ ಮಕ್ಕಳು ಇಮೇಲನ್ನು ನಾವು ಟಪಾಲನ್ನು ನೋಡುವ ಹಾಗೆ ನೋಡುತ್ತಾರೆ. ಅದಕ್ಕೂ ಸೊನ್ನೆ.

ಈ ಚಟಕ್ಕೆ ಹೆಸರು ಬಂದದ್ದೇ ತಮಾಷೆಯಿಂದ ಅಂತ ಅವಳೇ ಹೇಳಿದಳು. 1995ರಲ್ಲಿ ಇವಾನ್ ಗೋಲ್ಡ್‌ಬರ್ಗ್ ಎಂಬ ನ್ಯೂಯಾರ್ಕಿನ ಮನೋವೈದ್ಯ, ರೋಗಗಳ ದಪ್ಪ ಪುಸ್ತಕವನ್ನು ಅಣಕಿಸಲು ಸುಮ್ನೆ ಒಂದು ಕಾಯಿಲೆ ಹುಟ್ಟಿಸಿದ. ಬೆರಳುಗಳು ತಾವಾಗಿಯೇ ಟೈಪ್ ಮಾಡಿದಂತೆ ಆಡುವುದು ಅದರ ಲಕ್ಷಣಗಳಲ್ಲಿ ಒಂದು. ಓದಿದವರು ನಗುವ ಬದಲು, ಡಾಕ್ಟ್ರೇ ನನಗೆ ಅದೇ ಇದೆ ಅಂತ ಬರೆಯತೊಡಗಿದರು. ಮರುವರ್ಷ ಯಂಗ್ ಅದನ್ನೇ ಗಂಭೀರವಾಗಿ ಹಿಡಿದರು. ಜೂಜಿನ ಚಟಕ್ಕೆ ಇದ್ದ ಲಕ್ಷಣಗಳನ್ನು ತೆಗೆದು ಇಂಟರ್ನೆಟ್ಟಿಗೆ ಹೊಂದಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈಗ ಗೇಮಿಂಗ್ ಕಾಯಿಲೆಗೆ ಜಾಗ ಸಿಕ್ಕಿದೆ, 2022ರಿಂದ ಜಾರಿ. ರೀಲ್ಸ್ ನೋಡಿ ಕಟಪಾಡಿಗೆ ಹೋದವನಿಗೆ ಇನ್ನೂ ಸಿಕ್ಕಿಲ್ಲ.

ನಗುವ ವಿಷಯ ಮಾತ್ರ ಅಲ್ಲ, ಗೊತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಒಂದು ಕ್ಲಿನಿಕ್ ಇದೆ. ರಾತ್ರಿಯಿಡೀ ಆಡಿ ಪರೀಕ್ಷೆಗೇ ಹೋಗದ ಹುಡುಗನ ತಾಯಿಗೆ ನನ್ನ ಸೇರಿನ ಕಥೆ ಹೇಳಿದರೆ ಅವರು ಪೊರಕೆ ತೆಗೆದುಕೊಂಡಾರು. ನನ್ನ ತಕರಾರು ಎಣಿಕೆಯ ಮೇಲೆ ಮಾತ್ರ.

"ಮಕ್ಕಳನ್ನು ಎಲ್ಲಿ ಹಿಡಿಯುತ್ತೀ?" ಅಂತ ಕೇಳಿದೆ.

"ವಾಟ್ಸಾಪ್‌ನಲ್ಲಿ ಲಿಂಕ್ ಹಾಕುದು ಮಾವ."

ಬಂಗುಡೆ ಎಷ್ಟು ಜನ ತಿನ್ನುತ್ತಾರೆ ಅಂತ ಮೀನು ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ಎಣಿಸಿದ ಹಾಗಾಯಿತಲ್ಲ ಅಂದೆ. ಮೊಬೈಲ್ ಮುಚ್ಚಿಟ್ಟು ವಾಲಿಬಾಲ್ ಆಡುವವನ ಕಣ್ಣಿಗೆ ಆ ಲಿಂಕ್ ಬೀಳುವುದು ಮರುದಿನ, ನೂರು ಗುಡ್ ಮಾರ್ನಿಂಗ್‌ಗಳ ಕೆಳಗೆ. ಹುಡುಗಿ ಪೆನ್ನು ಕಚ್ಚಿಕೊಂಡು ಯೋಚಿಸಿದಳು. "ನೀವು ಹೇಳುದು ಸರಿ. ಆದರೆ ಸೋಮವಾರ ಗೈಡ್‌ಗೆ ತೋರಿಸ್ಬೇಕು" ಅಂದಳು. ರಾತ್ರಿ ಹನ್ನೊಂದೂವರೆಗೆ ಲಿಂಕ್ ಹೋಯಿತು. ನಾನು ಮಲಗುವ ಮೊದಲೇ ಉತ್ತರಗಳು ಬರತೊಡಗಿದ್ದವು.

ಬುಧವಾರ ಅದೇ ಲಿಂಕ್ ನಮ್ಮ ಕೇರಿಯ ಭಜನಾ ಮಂಡಳಿಯ ಗ್ರೂಪಿಗೆ ಬಂತು. ಎಲ್ಲೆಲ್ಲಿ ಸುತ್ತಿ ಬಂತೋ! ತಲೆ ಎತ್ತಿ ನೋಡಿದರೆ ಹೆಂಡತಿ ಸೋಫಾದಲ್ಲಿ ಕೂತು ಗಂಭೀರವಾಗಿ ಅದನ್ನು ತುಂಬುತ್ತಿದ್ದಳು.

"ನಿನಗೆ ವಯಸ್ಸು ಮೀರಿದೆ, ಮಾರಾಯ್ತಿ."

"25ಕ್ಕಿಂತ ಮೇಲೆ ತಕೊಳ್ಳುದೇ ಇಲ್ಲ ಇದು. ಹಾಗೆ 25 ಹಾಕಿದೆ."

"ಎಷ್ಟು ಬಂತು?"

"19" ಅಂದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ನಾನೇ ಎದ್ದು ಹೋಗಿ ಆರಿಸಿದೆ.