ಕ್ರೆಮೋನಾದಲ್ಲಿ ಯಾರೂ ಕೇಳದ ಪ್ರಶ್ನೆ

ಪಿಟೀಲು ಮಾಡುವುದನ್ನು ಕಲಿಯಲು ಇಟಲಿಯ ಕ್ರೆಮೋನಾಕ್ಕೆ ಬಂದಿದ್ದೇನೆ ಅಂತ ಹೇಳಿದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಸ್ಟ್ರಾಡಿವಾರಿಯ ಗುಟ್ಟು ಗೊತ್ತಾಯ್ತಾ?" ಸ್ಟ್ರಾಡಿವಾರಿ ಅಂದರೆ ಸುಮಾರು ಮುನ್ನೂರು ವರ್ಷದ ಹಿಂದೆ ಇದೇ ಊರಲ್ಲಿದ್ದ, ಜಗತ್ತಿಗೇ ಹೆಸರಾದ ಪಿಟೀಲು ತಯಾರಕ. ವಾರ್ನಿಷ್‌ಗೆ ಏನೋ ಬೆರೆಸುತ್ತಿದ್ದನಂತೆ, ಸಾಯುವಾಗ ಯಾರಿಗೂ ಹೇಳದೆ ಹೋದನಂತೆ. ಕೇಳಿ ಕೇಳಿ ಸಾಕಾಗಿದೆ. ತಮಾಷೆ ಅಂದ್ರೆ, ಈ ಊರಲ್ಲಿ ಪಿಟೀಲು ಮಾಡಿ ಹೊಟ್ಟೆ ಹೊರೆಯುವ ಯಾರೂ ಈ ಮಾತು ಎತ್ತುವುದೇ ಇಲ್ಲ. ಗುಟ್ಟು ಏನಿದ್ದರೂ ಪ್ರವಾಸಿಗರಿಗೆ. ಪಿಟೀಲಿನ ಆಕಾರದ ತೊರ್ರೋನೆ ಮಿಠಾಯಿ ಜೊತೆ ಅದನ್ನೂ ಕಟ್ಟಿ ಕೊಡುತ್ತಾರೆ.

ನನಗಂತೂ ಈ ಗುಟ್ಟಿನ ಕಥೆ ಕೆಲಸ ಮಾಡುವವರಿಗೆ ಮಾಡುವ ಅವಮಾನ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ತರಗತಿ ಮುಗಿದ ಮೇಲೆ ನಾನು ಹೋಗಿ ಕೂರುವ ಒಂದು ಬೊತ್ತೇಗ ಇದೆ. ಬೊತ್ತೇಗ ಅಂದರೆ ದೊಡ್ಡ ಕಾರ್ಖಾನೆ ಅಲ್ಲ, ಬೀದಿಗೆ ಕಿಟಕಿ ಇರುವ ಒಂದು ಕೋಣೆ. ಸುಮಾರು 70 ಸಾವಿರ ಜನರ ಈ ಊರಲ್ಲಿ ಇಂಥವು ನೂರಕ್ಕೂ ಜಾಸ್ತಿ ಇವೆ. ಅಲ್ಲಿನ ಮಾಯೆಸ್ತ್ರೋ, ಅಂದರೆ ಗುರುಗಳು, ಅರವತ್ತು ದಾಟಿದವರು. ಬಾಗಿಲಲ್ಲಿ ನಿಂತು ಸಿಗರೇಟು ಸೇದುತ್ತಾ ಅರ್ಧ ಊರಿನ ಜೊತೆ ಹರಟುತ್ತಾರೆ, ಒಳಗೆ ಬಂದರೆ ಮೌನ. ನಾನು ಹೋದ ಕೂಡಲೇ ನನ್ನ ಉಳಿ ಇಸಿದುಕೊಂಡು ತಮ್ಮ ಮುಂಗೈ ಕೂದಲ ಮೇಲೆ ಎಳೆಯುತ್ತಾರೆ. ಕೂದಲು ಹೋದರೆ ಕೆಲಸ, ಹೋಗದಿದ್ದರೆ ಸಾಣೆಕಲ್ಲು. ಅವರ ಮುಂಗೈ ನೋಡಿದರೆ ಅವತ್ತು ಎಷ್ಟು ಹುಡುಗರು ಬಂದು ಹೋದರು ಅಂತ ಗೊತ್ತಾಗುತ್ತದೆ!

ಪಿಟೀಲಿನ ಮೇಲಿನ ಹಲಗೆ ಸ್ಪ್ರೂಸ್ ಮರದ್ದು. ಆಲ್ಪ್ಸ್ ಕಡೆಯ ಫಿಯೆಮ್ಮೆ ಕಣಿವೆಯದ್ದಾದರೆ ಇಲ್ಲಿನವರಿಗೆ ಮರ್ಯಾದೆ ಜಾಸ್ತಿ. ಹಿಂಭಾಗ ಮೇಪಲ್, ಅದು ಬಾಲ್ಕನ್ ಕಡೆಯಿಂದ ಬರುತ್ತದೆ. ಮೇಲಿನ ಹಲಗೆಯ ಹೊರಮೈಯನ್ನು ಮೊದಲು ಉಬ್ಬಾಗಿ ಕೆತ್ತಬೇಕು. ಆಗ ಮಾಯೆಸ್ತ್ರೋ ದೀಪ ಆರಿಸಿ, ಬದಿಯಿಂದ ಒಂದು ಸಣ್ಣ ಲ್ಯಾಂಪ್ ಮಾತ್ರ ಹಿಡಿಯುತ್ತಾರೆ. ಹೊರಮೈಯ ಉಬ್ಬಿನಲ್ಲಿ ಎಲ್ಲಿ ತಗ್ಗಿದೆ, ಎಲ್ಲಿ ಗಂಟಿದೆ ಅಂತ ನೆರಳೇ ತೋರಿಸುತ್ತದೆ. ಹಗಲು ಬೆಳಕಲ್ಲಿ ನುಣ್ಣಗೆ ಕಂಡಿದ್ದು ಆ ಓರೆ ಬೆಳಕಲ್ಲಿ ಮಳೆಗಾಲದ ಮಣ್ಣು ರಸ್ತೆಯ ಹಾಗೆ ಕಾಣುತ್ತದೆ. ಅವರು ಏನೂ ಬೈಯುವುದಿಲ್ಲ. ಪೆನ್ಸಿಲ್‌ನಿಂದ ಒಂದು ಗೆರೆ ಹಾಕಿ ಮತ್ತೆ ಸಿಗರೇಟಿಗೆ ಹೋಗುತ್ತಾರೆ. ಆಮೇಲೆ ಒಳಗಿನಿಂದ ಕೆತ್ತುತ್ತಾ ಕೆತ್ತುತ್ತಾ ಮೂರು ಮಿಲಿಮೀಟರ್ ಆಸುಪಾಸಿಗೆ ಇಳಿಸಬೇಕು. ನಡುನಡುವೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ ನೋಡುವುದು, ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು. ಎಷ್ಟು ಬಾಗಿದರೆ ಸರಿ ಅಂತ ಕೇಳಿದರೆ "ಇಷ್ಟು" ಅಂತ ಬಾಗಿಸಿ ತೋರಿಸುತ್ತಾರೆ. ಅದಕ್ಕಿಂತ ಹೆಚ್ಚು ಅವರೂ ಹೇಳಲಾರರು. ಬಚ್ಚಿಟ್ಟುಕೊಳ್ಳುತ್ತಿದ್ದಾರೆ ಅಂತಲ್ಲ, ಅದು ಬಾಯಲ್ಲಿ ಇಲ್ಲ, ಕೈಯಲ್ಲಿದೆ.

ಮನೆ ಮಾಲಕಿ ಅಜ್ಜಿಯ ಪ್ರಪಂಚವೇ ಬೇರೆ. ಅವರ ಲೆಕ್ಕದಲ್ಲಿ ಪಿಟೀಲು ಕಲಿಯುವವರು ಎಂದರೆ ಮನೆ ತುಂಬ ಮರದ ಪುಡಿ ಚೆಲ್ಲುವವರು, ತೊಗಲಿನ ಅಂಟು ಕಾಯಿಸಿ ನಾತ ಎಬ್ಬಿಸುವವರು. "ಕಿಟಕಿ ತೆಗೆದು ಕಾಯಿಸು" ಅಂತ ಕೆಳಗಿನಿಂದಲೇ ಕೂಗುತ್ತಾರೆ. ಆದರೆ ವಾರ್ನಿಷ್ ಹಚ್ಚುವ ಮುಂಚೆ ಬಿಳಿ ಪಿಟೀಲನ್ನು ಬಿಸಿಲಿಗೆ ನೇತುಹಾಕಿ ಮರದ ಬಣ್ಣ ಮಾಗಿಸುತ್ತಾರಲ್ಲ, ಅದಕ್ಕೆ ಬಾಲ್ಕನಿಯ ಬಟ್ಟೆ ತಂತಿಯಲ್ಲಿ ಜಾಗ ಬಿಟ್ಟುಕೊಡುವವರೂ ಅವರೇ. ಪಕ್ಕದ ಕೋಣೆಯ ಜಪಾನಿ ಹುಡುಗಿಯ ಪಿಟೀಲು ತೂಗುತ್ತಿದ್ದ ದಿನ ಇದ್ದಕ್ಕಿದ್ದ ಹಾಗೆ ಮಳೆ ಬಂತು. ಅಜ್ಜಿ ಮೊದಲು ಪಿಟೀಲು ಒಳಗೆ ತಂದರು, ತಮ್ಮ ಹಾಸಿಗೆ ಬಟ್ಟೆ ಪೂರ್ತಿ ನೆನೆಯಿತು. ಆ ಬೈಗುಳವನ್ನು ಮಾತ್ರ ಮಧ್ಯಾಹ್ನವಿಡೀ ಕೇಳಿಸಿಕೊಂಡೆವು.

ಪಿಯಾತ್ಸಾ ರೋಮಾ ಅನ್ನುವ ಪಾರ್ಕಿನ ಬೆಂಚಿನಲ್ಲಿ ಒಬ್ಬರು ಮುದುಕರು ಸಿಗುತ್ತಾರೆ. ರಿಟೈರ್ ಆದವರು, ಸಿಕ್ಕವರಿಗೆಲ್ಲ ಪಾಠ. ಸ್ಟ್ರಾಡಿವಾರಿಯನ್ನು 1737ರಲ್ಲಿ ಮಣ್ಣು ಮಾಡಿದ ಸಾನ್ ದೊಮೆನಿಕೊ ಚರ್ಚು ಇದೇ ಜಾಗದಲ್ಲಿತ್ತು, 1869ರಲ್ಲಿ ಊರಿನವರೇ ಕೆಡವಿದರು, ಮೂಳೆ ಎಲ್ಲಿ ಹೋಯಿತೋ ದೇವರೇ ಬಲ್ಲ, ಈಗಿರುವ ಸಮಾಧಿ ಕಲ್ಲು ಬರೀ ನಕಲು. "ಈಗ ನೋಡು, ಪ್ರತಿ ಅಂಗಡಿಗೂ ಅವನ ಹೆಸರು" ಅಂತ ನಗುತ್ತಾರೆ. ಒಂದು ಪಿಟೀಲನ್ನೂ ಕೈಯಲ್ಲಿ ಹಿಡಿದವರಲ್ಲ, ಅವರಿಗೆ ಫುಟ್‌ಬಾಲ್ ಹುಚ್ಚು. ಆದರೂ ನನ್ನ ಪ್ರಕಾರ ಊರಿನ ಒಳ್ಳೆಯ ಗೈಡ್ ಅವರೇ.

ಅವರು ಹೇಳುವುದರಲ್ಲಿ ಅರ್ಥವಿದೆ. ಗುಟ್ಟು ಅಪ್ಪನಿಂದ ಮಗನಿಗೆ ಹರಿದು ಬಂತು ಅನ್ನುವವರೂ ಇದ್ದಾರೆ, ಅದಕ್ಕೆ ಇಲ್ಲಿ ಪರಂಪರೆ ಕಡಿಯದೆ ಉಳಿದಿರಬೇಕಿತ್ತಲ್ವಾ? 19ನೇ ಶತಮಾನದ ಕೊನೆಯ ಹೊತ್ತಿಗೆ ಈ ಊರಲ್ಲಿ ಕೆಲಸ ಬಹುಪಾಲು ನಿಂತೇ ಹೋಗಿತ್ತು. ಸ್ಟ್ರಾಡಿವಾರಿಯ ಅಚ್ಚು, ನಕ್ಷೆಗಳನ್ನು ಅವನ ಮಗ ಹೊರಗಿನವರಿಗೆ ಮಾರಿಬಿಟ್ಟಿದ್ದ. ಕೈಯಿಂದ ಕೈಗೆ ಹೋಗಿ, ಕೊನೆಗೆ ಅವನ್ನು ಕೊಂಡ ಪಿಟೀಲು ತಯಾರಕ ಜುಸೆಪ್ಪೆ ಫಿಯೊರೀನಿ 1930ರಲ್ಲಿ ಊರಿಗೆ ದಾನ ಕೊಟ್ಟರು. 1938ರಲ್ಲಿ ಪಿಟೀಲು ಮಾಡುವುದನ್ನು ಕಲಿಸುವ ಶಾಲೆ ಶುರುವಾಯಿತು. ಆಮೇಲೆ ಬಂದು ಕಲಿಸಿದವರಲ್ಲಿ ಹೊರಗಿನವರೂ ಇದ್ದರು. ಕಲಿಯುವವರಂತೂ ಇವತ್ತು ಜಗತ್ತಿನ ನಾನಾ ಕಡೆಯವರು. ಕಡಿದುಹೋದದ್ದನ್ನು ಜನ ಕೂತು ಕಷ್ಟಪಟ್ಟು ಮತ್ತೆ ಜೋಡಿಸಿದರು. ನನಗೆ ಗುಟ್ಟಿಗಿಂತ ಇದು ದೊಡ್ಡ ಕಥೆ.

ವಾರ್ನಿಷ್ ವಿಷಯಕ್ಕೆ ಬಂದರೆ, 2009ರಲ್ಲಿ ಫ್ರಾನ್ಸಿನ ಸಂಶೋಧಕರು ಸ್ಟ್ರಾಡಿವಾರಿಯ ಐದು ವಾದ್ಯಗಳನ್ನು ಪರೀಕ್ಷೆ ಮಾಡಿದರು. ಸಿಕ್ಕಿದ್ದು ಎಣ್ಣೆ, ಪೈನ್ ಮರದ ರಾಳ, ಒಂದಿಷ್ಟು ಬಣ್ಣ. ಆ ಕಾಲದ ಚಿತ್ರಕಾರರೂ ಬಳಸುತ್ತಿದ್ದ ಸಾಮಾನೇ. ಮರಕ್ಕೆ ಲವಣಗಳ ಸಂಸ್ಕಾರ ಮಾಡಿದ್ದರು ಅನ್ನುವ ವಾದವೂ ಇದೆ, ಇರಲಿ. 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 21 ಪಿಟೀಲು ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿ ಹಳೆಯ ಮತ್ತು ಹೊಸ ವಾದ್ಯಗಳನ್ನು ಕೊಟ್ಟರು. ಹೆಚ್ಚಿನವರು ಮೆಚ್ಚಿದ್ದು ಹೊಸದನ್ನು. ಕೊನೆಯ ಸ್ಥಾನಕ್ಕೆ ಹೋದದ್ದು ಒಂದು ಸ್ಟ್ರಾಡಿವಾರಿ! ಇದನ್ನು ಹೇಳಿದಾಗ ಮಾಯೆಸ್ತ್ರೋ ಕೇಳಿದ್ದು ಇಷ್ಟೇ: "ಆ ಹೊಸದನ್ನು ಮಾಡಿದವರು ಯಾರು?"

ಹಾಗಂತ ಈ ಊರಿಗೆ ಹಳೆಯ ವಾದ್ಯಗಳ ಮೇಲೆ ಪ್ರೀತಿ ಇಲ್ಲ ಅಂದುಕೊಳ್ಳಬೇಡಿ. 2019ರ ಜನವರಿ-ಫೆಬ್ರವರಿಯಲ್ಲಿ ಇಲ್ಲಿನ ಪಿಟೀಲು ಮ್ಯೂಸಿಯಂನ ಹಳೆಯ ವಾದ್ಯಗಳ ದನಿಯನ್ನು ರೆಕಾರ್ಡ್ ಮಾಡುವಾಗ ಐದು ವಾರ ಸುತ್ತಲಿನ ರಸ್ತೆಗಳಲ್ಲಿ ವಾಹನ ಬಂದ್ ಮಾಡಿದ್ದರು. ಸದ್ದು ಮಾಡಬೇಡಿ ಅಂತ ಮೇಯರೇ ಕೇಳಿಕೊಂಡಿದ್ದರು. ನಾನು ಕಾಫಿ ಕುಡಿಯುವ ಬಾರಿನವನು ಆ ದಿನಗಳ ಬಗ್ಗೆ ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ, ಕಿರಿಕಿರಿ ಎರಡೂ ಇರುತ್ತವೆ.

ಇನ್ನು ದುಡ್ಡಿನ ಮಾತು. ಇಷ್ಟು ಬೊತ್ತೇಗಗಳಿರುವ ಊರಲ್ಲಿ ಹೊಸಬರು ನಿಲ್ಲುವುದು ಸುಲಭ ಅಲ್ಲ. ಕಲಿತು ಮುಗಿಸಿದ ಗೆಳೆಯರಲ್ಲಿ ಹಲವರು ರಿಪೇರಿ ಕೆಲಸ ಹಿಡಿದಿದ್ದಾರೆ, ಬಾಡಿಗೆ ಹುಟ್ಟುವುದು ಅದರಿಂದಲೇ. ಇದನ್ನು ಯಾರೂ ಕೇಳುವುದಿಲ್ಲ. ಕೇಳಿದವರು ಒಬ್ಬರೇ, ಪಂಜಾಬಿನ ಒಬ್ಬರು ಸರ್ದಾರ್‌ಜಿ. ಈ ಜಿಲ್ಲೆಯ ಹಾಲಿನ ಡೈರಿಗಳಲ್ಲಿ ಸಿಖ್ಖರು ಬಹಳ ಮಂದಿ ಇದ್ದಾರೆ. ಇಲ್ಲಿನ ಗ್ರಾನಾ ಪದಾನೊ ಚೀಸ್‌ನ ಹಿಂದೆ ಅವರ ಬೆಳಗಿನ ಜಾವದ ದುಡಿಮೆ ಇದೆ. ಇದೇ ಜಿಲ್ಲೆಯ ಪೆಸ್ಸೀನಾ ಕ್ರೆಮೊನೇಸೆ ಅನ್ನುವ ಊರಲ್ಲಿ 2011ರಲ್ಲಿ ದೊಡ್ಡ ಗುರುದ್ವಾರವನ್ನೇ ಕಟ್ಟಿದ್ದಾರೆ. ಅಲ್ಲಿನ ಲಂಗರ್‌ನಲ್ಲಿ, ಅಂದರೆ ಎಲ್ಲರಿಗೂ ಬಡಿಸುವ ಊಟದ ಪಂಕ್ತಿಯಲ್ಲಿ, ಪಕ್ಕ ಕೂತಿದ್ದ ಸರ್ದಾರ್‌ಜಿ ಹಿಂದಿಯಲ್ಲಿ ವಿಚಾರಿಸಿದರು.

"ಒಂದು ಮಾಡೋಕೆ ಎಷ್ಟು ದಿನ ಬೇಕು ಬೇಟಾ?"

"ಇನ್ನೂರು ಗಂಟೆಗೂ ಜಾಸ್ತಿ ಹಿಡಿಯುತ್ತೆ."

"ಮಾರಾಟ ಆಗದಿದ್ದರೆ?"

"ಇಟ್ಟುಕೊಳ್ಳಬೇಕು, ಕೆಡೋದಿಲ್ಲ."

"ಹಾಗಾದ್ರೆ ಹಾಲಿಗಿಂತ ವಾಸಿ" ಅಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸಿದರು.